ನನ್ನ ಸ್ಟೂಡೆಂಟಿಗೆ ಬೈಯಬೇಡ

"ಅಮ್ಮ, ಅದನ್ನ ತೆಗಿ," ಎಂದಳು ಹುಡುಗಿ.

ತಾಯಿಯ ಕೈ ಗುಂಡಿಗಳ ನಡುವೆಯೇ ನಿಂತಿತು. ಸತ್ತವಳ ಮೈ ಒರೆಸಿ, ಇಬ್ಬರೂ ಸೇರಿ ಅವಳಿಗೆ ನೀಲಿ ಅಂಗಿ ತೊಡಿಸುತ್ತಿದ್ದರು. ಬೀರುವಿನ ತಳದಿಂದ ಹುಡುಕಿ ತಂದಿದ್ದ, ಹತ್ತಿ ತುಂಬಿದ ಒಳ ಉಡುಪನ್ನು ತಾಯಿ ಅಂಗಿಯೊಳಗೆ ಸೇರಿಸಲು ನೋಡುತ್ತಿದ್ದಳು.

"ಊರೆಲ್ಲ ನೋಡಕ್ಕೆ ಬರುತ್ತೆ ಕಣೇ. ಎದೆ ಹೀಗೆ ಚಪ್ಪಟೆಯಾಗಿ ಕಂಡ್ರೆ ಚೆನ್ನಾಗಿರುತ್ತಾ?"

"ಊರೆಲ್ಲ ಅತ್ತೇನ ನೋಡಿರೋದೇ ಹೀಗೆ. ನೀನು ತಂದುಕೊಟ್ಟಿದ್ದು ಅಂತ ಬಿಸಾಕಿಲ್ಲ ಅಷ್ಟೆ. ಒಂದಿನಾನೂ ಹಾಕ್ಕೊಂಡಿಲ್ಲ."

"ಗೊತ್ತು. ಹಾಕ್ಕೊಳ್ಳಿ ಅತ್ತಿಗೆ ಅಂದಾಗೆಲ್ಲ, 'ಬಿಡು, ಹೀಗಿದ್ರೇನೇ ಸೀಟ್ ಬೆಲ್ಟ್ ನೆಟ್ಟಗೆ ಕೂರುತ್ತೆ' ಅಂತ ನಗೋರು."

ತಾಯಿಗೂ ನಗು ಬಂತು. ಅದರ ಬೆನ್ನಿಗೇ ಅಳು. ಆ ಉಡುಪನ್ನು ಪಕ್ಕಕ್ಕಿಟ್ಟು, ಮೂಗೊರೆಸಿಕೊಂಡು, ಉಳಿದ ಗುಂಡಿಗಳನ್ನು ಹಾಕಿದಳು.

ಸತ್ತವಳು ಹುಡುಗಿಯ ಸೋದರತ್ತೆ, ಅಪ್ಪನ ಅಕ್ಕ. ಮದುವೆಯಾಗಿರಲಿಲ್ಲ. ಇದೇ ಮನೆಯ ಕೆಳಮಹಡಿಯಲ್ಲಿದ್ದುಕೊಂಡು, ಪಕ್ಕದ ಸೀಟಿಗೂ ಬ್ರೇಕ್ ಇರುವ ಪುಟ್ಟ ಕಾರಿನಲ್ಲಿ ಜನರಿಗೆ ಡ್ರೈವಿಂಗ್ ಕಲಿಸುತ್ತ ಬದುಕಿದವಳು. ಬೀದಿಗೆಲ್ಲ 'ಬ್ರೇಕ್ ಟೀಚರ್'. ಅವಳ ತಾಯಿಯನ್ನೂ ದೊಡ್ಡಕ್ಕನನ್ನೂ ಸ್ತನ ಕ್ಯಾನ್ಸರ್ ಚಿಕ್ಕ ವಯಸ್ಸಿನಲ್ಲೇ ಕೊಂಡೊಯ್ದಿತ್ತು. ವಂಶದಲ್ಲೇ ಹರಿದು ಬಂದ ದೋಷ ಅದು. ತನ್ನ ಮೈಯಲ್ಲೂ ಅದಿದೆ ಎಂದು ಪರೀಕ್ಷೆಯಲ್ಲಿ ತಿಳಿದಾಗ, ರೋಗ ಬರುವ ಮೊದಲೇ ಎರಡೂ ಸ್ತನಗಳನ್ನು ತೆಗೆಸಿಕೊಂಡಿದ್ದಳು.

ಹೊರಗೆ ಜಗಲಿಯಲ್ಲಿ ಎದುರುಮನೆಯ ದರ್ಜಿ ದನಿ ತಗ್ಗಿಸಿ ಅಪ್ಪನನ್ನು ಕೇಳುತ್ತಿದ್ದ. "ಕೊನೆಗೂ ಅದೇನಾ?"

"ಅಲ್ಲ. ಹೃದಯ. ನಿದ್ದೆಯಲ್ಲೇ ಹೋಗಿಬಿಟ್ಳು," ಎಂದ ಅಪ್ಪ. "ಜೀವಮಾನವೆಲ್ಲ ಅದಕ್ಕೆ ಹೆದರಿದ್ವಿ. ಅದು ಬರಲೇ ಇಲ್ಲ ನೋಡಿ."

* * *

ಹುಡುಗಿಗೆ ಕನ್ನಡಕದ ಅಂಗಡಿಯೊಂದರಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವ ಕೆಲಸ. ಹಿಂದಿನ ವರ್ಷ ಅವಳೂ ಆ ಪರೀಕ್ಷೆಗೆ ರಕ್ತ ಕೊಟ್ಟಳು. ದೋಷ ಅವಳಲ್ಲೂ ಇತ್ತು. ರೋಗ ಬಂದೇ ಬರುತ್ತದೆ ಎಂದಲ್ಲ, ಆದರೆ ಬೇರೆಯವರಿಗಿಂತ ಅಪಾಯ ಬಹಳ ಹೆಚ್ಚು ಎಂದರು ಡಾಕ್ಟರು.

ಆಮೇಲೆ ಬಚ್ಚಲಿಗೆ ಹೋದಾಗಲೆಲ್ಲ ಅವಳ ಬೆರಳುಗಳು ಎದೆಯಲ್ಲಿ ಗಂಟು ಹುಡುಕತೊಡಗಿದವು. ಸಿಗದಿದ್ದರೂ ಸಮಾಧಾನವಿಲ್ಲ. ಹೆದರಿದ್ದಕ್ಕೆ ತನ್ನನ್ನೇ ಬೈದುಕೊಳ್ಳುವಳು, ಬೈದುಕೊಂಡಿದ್ದಕ್ಕೆ ಮತ್ತೆ ಅಳುವಳು. ನೆಂಟರೆಲ್ಲ ಧೈರ್ಯವಾಗಿರು ಎಂದರು. ಅತ್ತೆ ಮಾತ್ರ ಕಾರಿನ ಕೀಲಿ ಅವಳ ಕೈಗಿಟ್ಟು, "ನಡಿ, ಓಡಿಸೋದು ಕಲಿ," ಎಂದಳು.

ಆಟದ ಮೈದಾನ ದಾಟಿ ದೊಡ್ಡ ರಸ್ತೆಗೆ ತಿರುಗುವಾಗ ಕಾರು ಜಗ್ಗಿ ನಿಂತುಹೋಯಿತು. ಹಿಂದಿನಿಂದ ಹಾರನ್ ಶುರುವಾಯಿತು.

"ಥೂ, ಕತ್ತೆ! ಕ್ಲಚ್ ಬಿಡಕ್ಕೂ ಯೋಗ್ಯತೆ ಇಲ್ಲ ನಿಂಗೆ!" ಹುಡುಗಿ ಸ್ಟಿಯರಿಂಗಿಗೆ ಗುದ್ದಿದಳು.

"ಯಾರಿಗೆ ಬೈತಿದ್ದೀಯ?" ಅತ್ತೆ ಕೇಳಿದಳು.

"ನನಗೇ."

"ನೀನು ನನ್ನ ಸ್ಟೂಡೆಂಟು. ಈ ಕಾರಲ್ಲಿ ನನ್ನ ಸ್ಟೂಡೆಂಟಿಗೆ ಯಾರೂ ಬೈಯೋ ಹಾಗಿಲ್ಲ. ಸ್ಟೂಡೆಂಟೂ ಬೈಯೋ ಹಾಗಿಲ್ಲ."

ಅತ್ತೆ ಕಿಟಕಿಯಿಂದ ಕೈ ಚಾಚಿ, ಹಿಂದಿನವರಿಗೆ ಮುಂದೆ ಹೋಗಿ ಎಂದು ಸನ್ನೆ ಮಾಡಿದಳು. ಆಮೇಲೆ ಇತ್ತ ತಿರುಗಿ, "ಕೈ ನೋಡ್ಕೋ. ಬಿಗಿಯಾಗಿದೆಯಾ?" ಎಂದಳು.

"ಹೂಂ."

"ಹೆದರಿಕೆನಾ?"

"ಹೂಂ."

"ಹೆದರಿಕೆ ಆಗ್ತಿದೆ ಅಂದ್ಕೋ, ಸಾಕು. ಧೈರ್ಯ ತಂದ್ಕೋ ಅಂತ ನಾನು ಹೇಳಿಲ್ಲ."

ಹುಡುಗಿ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅತ್ತೆ ಅವಳ ಬೆನ್ನ ಮೇಲೆ ಅಂಗೈ ಇಟ್ಟು ಕೂತಳು.

"ಆಪರೇಷನ್ ಆದ್ಮೇಲೆ ನಾನೂ ಹೀಗೇ," ಎಂದಳು ಅಳು ಇಳಿದ ಮೇಲೆ. "ಕನ್ನಡಿ ಮುಂದೆ ನಿಂತು ನನ್ನನ್ನ ನಾನೇ ಬಾಯಿಗೆ ಬಂದ ಹಾಗೆ ಬೈತಿದ್ದೆ. ಒಂದಿನ ಹೊಸದಾಗಿ ಕಲಿಯಕ್ಕೆ ಬಂದ ಒಬ್ಬ ಮುದುಕಪ್ಪ ಕಾರು ತಗೊಂಡು ಹೋಗಿ ಗೋಡೆಗೆ ಗುದ್ದಿದ. ಪರವಾಗಿಲ್ಲ, ಎಲ್ರಿಗೂ ಆಗುತ್ತೆ, ಇನ್ನೊಂದ್ಸಲ ನೋಡೋಣ ಅಂದೆ. ಮನೆಗೆ ಬಂದ್ಮೇಲೆ ಹೊಳೀತು. ಗುರುತು ಪರಿಚಯ ಇಲ್ಲದವನ ಹತ್ರ ಇಷ್ಟು ಮೆತ್ತಗೆ ಮಾತಾಡೋಳು, ನನ್ನ ಹತ್ರ ಯಾಕೆ ಹಿಂಗೆ ಎಗರಾಡ್ತೀನಿ ಅಂತ."

"ಆಮೇಲೆ?"

"ಕನ್ನಡಿ ಮುಂದೆ ನಿಂತು ಅದೇ ಮಾತು ಹೇಳ್ಕೊಂಡೆ. ಎಷ್ಟು ನಾಚಿಕೆ ಆಯ್ತು ಗೊತ್ತಾ! ಮಾರನೇ ದಿನಾನೂ ಹೇಳ್ಕೊಂಡೆ. ರೂಢಿ ಆಗಕ್ಕೆ ಟೈಮ್ ಬೇಕು ಕಣೇ. ರಿವರ್ಸ್ ತಗೊಳ್ಳೋದಕ್ಕಿಂತ ಕಷ್ಟ."

"ಹೆದರಿಕೆ ಹೋಯ್ತಾ?"

"ಎಲ್ಲಿ ಹೋಗುತ್ತೆ? ಬರುತ್ತೆ. ಬಂದಾಗ ಬಂತು ಅಂತೀನಿ, ಕಾಫಿ ಮಾಡ್ಕೊಂಡು ಕುಡೀತೀನಿ."

"ನಾನೂ ತೆಗೆಸಿಬಿಡಲಾ ಅತ್ತೆ?"

"ನಾನು ತೆಗೆಸಿದ್ದು ನನಗೆ ಸರಿ ಕಂಡಿತ್ತು. ನೀನು ಡಾಕ್ಟರ್ ಹತ್ರ ಕೂತು ಮಾತಾಡು, ನಿಧಾನಕ್ಕೆ ಯೋಚನೆ ಮಾಡು. ಸದ್ಯಕ್ಕೆ ಕ್ಲಚ್ ಒತ್ತು, ಗಾಡಿ ಸ್ಟಾರ್ಟ್ ಮಾಡು."

* * *

ಶವದ ವ್ಯಾನು ಓಡಿಸುತ್ತಿದ್ದವನೂ ಅತ್ತೆಯ ಸ್ಟೂಡೆಂಟೇ. ಖಾಲಿ ರಸ್ತೆಯಲ್ಲೂ ಪ್ರತಿ ತಿರುವಿಗೆ ಇಂಡಿಕೇಟರ್ ಹಾಕುತ್ತಿದ್ದ.

"ಸ್ವಲ್ಪ ಜೋರಾಗಿ ಹೋಗಪ್ಪ," ಎಂದಳು ತಾಯಿ.

"ಇವರನ್ನ ಹಿಂದೆ ಕೂರಿಸ್ಕೊಂಡು ಜೋರಾಗಿ ಹೋಗಕ್ಕೆ ನನ್ನ ಕೈಲಾಗಲ್ಲಮ್ಮ."

ಚಿತಾಗಾರದ ಅಂಗಳದಲ್ಲಿ ಜನ ಆಗಲೇ ಸೇರಿದ್ದರು. ಡ್ರೈವಿಂಗ್ ಟೆಸ್ಟಿನಲ್ಲಿ ಮೇಲಿಂದ ಮೇಲೆ ಫೇಲಾಗಿದ್ದ ಒಬ್ಬ ನರ್ಸು, ಕಣ್ಣು ಕೆಂಪಗಾಗಿದ್ದರೂ ನಗುತ್ತ ಹೇಳುತ್ತಿದ್ದಳು. "ಫೇಲಾದಾಗೆಲ್ಲ ಐಸ್‌ಕ್ರೀಮ್ ಕೊಡಿಸೋರು. ಪಾಸಾದ ದಿನ ಮಾತ್ರ ಕೊಡಿಸಲಿಲ್ಲ. 'ಇವತ್ತು ನಿನಗೆ ಬೇಕಾಗಿಲ್ಲ' ಅಂದ್ರು."

ಒಳಗಿನ ಕೆಲಸ ಮುಗಿಯುವವರೆಗೆ ಅಪ್ಪ ಮಗಳು ಬೇವಿನ ನೆರಳಿನ ಕಲ್ಲುಬೆಂಚಿನ ಮೇಲೆ ಕೂತರು.

"ಬುಧವಾರ ಅಲ್ವಾ ನಿನ್ನ ಸ್ಕ್ಯಾನು?" ಅಪ್ಪ ಕೇಳಿದ. "ಅಕ್ಕ ಬರ್ತಿದ್ಲು ಜೊತೆಗೆ."

"ಈ ಸಲ ನೀನು ಬಾ."

ಅಪ್ಪ ನೆಲ ನೋಡಿದ. "ಯಾವ ಮುಖ ಇಟ್ಕೊಂಡು ಬರ್ಲಿ? ನನಗೇನೂ ಆಗಲಿಲ್ಲ. ನನ್ನ ಮೈಯಲ್ಲಿದ್ದಿದ್ದನ್ನ ನಿನಗೆ ದಾಟಿಸಿ ಗಟ್ಟಿಯಾಗಿ ಕೂತಿದ್ದೀನಿ."

"ಈ ದಪ್ಪ ಮೂಗನ್ನೂ ದಾಟಿಸಿದ್ದೀಯ. ಅದಕ್ಕೆ ಯಾವತ್ತಾದ್ರೂ ಸಾರಿ ಕೇಳಿದ್ದೀಯಾ?"

ಅಪ್ಪ ಬೆಚ್ಚಿ ಅವಳತ್ತ ನೋಡಿದ.

"ಕನ್ನಡಕ ಜಾರಲ್ಲ, ನನಗೇನೋ ಖುಷಿನೇ," ಎಂದಳು ಹುಡುಗಿ. "ಅಪ್ಪ, ಈ ದೋಷಾನ ಅಜ್ಜಿ ಬೇಕಂತಲೇ ಕೊಟ್ಳಾ ನಿನಗೆ?"

"ಛೆ, ಏನು ಮಾತು! ಪಾಪ, ಅವಳಿಗೇನು ಗೊತ್ತಿತ್ತು?"

"ಹಾಗಾದ್ರೆ ನಿನಗೇನು ಗೊತ್ತಿತ್ತು?"

ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದ. ಭುಜಗಳು ಅಲುಗಿದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹುಡುಗಿಗೆ ಗೊತ್ತಾಗಲಿಲ್ಲ, ಬಹುಶಃ ಎರಡೂ. ಅವನು ಕರವಸ್ತ್ರದಲ್ಲಿ ಮುಖವನ್ನೆಲ್ಲ ಉಜ್ಜಿ ಒರೆಸಿಕೊಂಡು, "ಬುಧವಾರ ಎಷ್ಟೊತ್ತಿಗೆ ಹೊರಡಬೇಕು?" ಎಂದು ಕೇಳಿದ.

ಎಲ್ಲರೂ ಮನೆಗೆ ಮರಳುವಾಗ ಮಧ್ಯಾಹ್ನ ಜಾರಿತ್ತು. ಎದುರುಮನೆಯವರು ಅಡುಗೆ ಮಾಡಿ ಕಳಿಸಿದ್ದರು. ತಾಯಿ ಬಡಿಸುತ್ತಿದ್ದಳು. ನಡುಮನೆ ತುಂಬ ಸ್ಟೂಡೆಂಟುಗಳು, ತಮ್ಮ ತಮ್ಮ ಮೊದಲ ಪಾಠದ ಕತೆ ಹೇಳುತ್ತ ಒಬ್ಬರನ್ನೊಬ್ಬರು ನಗಿಸುತ್ತಿದ್ದರು. ನರ್ಸು ಏನನ್ನೋ ಹೇಳಹೊರಟವಳು ಥಟ್ಟನೆ ನಿಲ್ಲಿಸಿ, ಸೋಫಾದತ್ತ ಬೆರಳು ಮಾಡಿದಳು.

ಅಪ್ಪ ಕೂತಲ್ಲೇ ನಿದ್ದೆ ಹೋಗಿದ್ದ. ಬಾಯಿ ತೆರೆದಿತ್ತು, ಗೊರಕೆ ಬರುತ್ತಿತ್ತು.

"ಎಬ್ಬಿಸಬೇಡಿ," ಎಂದಳು ತಾಯಿ ಪಿಸುದನಿಯಲ್ಲಿ. "ಇವಳ ರಿಪೋರ್ಟ್ ಬಂದಾಗಿನಿಂದ ಅವರು ನೆಟ್ಟಗೆ ಮಲಗಿದ್ದೇ ನಾನು ನೋಡಿಲ್ಲ."

ದರ್ಜಿ ಎದ್ದು ಕಿಟಕಿಯ ಪರದೆ ಎಳೆದ. ಹುಡುಗಿ ಸದ್ದಾಗದಂತೆ ಅಪ್ಪ ಕಳಚಲು ಮರೆತಿದ್ದ ಬೂಟುಗಳಲ್ಲಿ ಒಂದನ್ನು ಬಿಚ್ಚಿದಳು, ಆಮೇಲೆ ಇನ್ನೊಂದು. ತಟ್ಟೆ ತಂದು ಅವನ ಕಾಲ ಬಳಿ ನೆಲದಲ್ಲೇ ಕೂತಳು. ಹಸಿವು ಜೋರಾಗಿತ್ತು. ಮೊದಲು ಬಡಿಸಿದ್ದು ಖಾಲಿಯಾದಾಗ ತಟ್ಟೆಯನ್ನು ಮತ್ತೆ ತಾಯಿಯ ಕಡೆ ಚಾಚಿದಳು.