ಚಪ್ಪಲಿ ಜಾಗದ ಬೇವಿನ ಮರ

"ಲೇ ಜಡೇಸ್ವಾಮಿ, ಇದ್ನ ತಕಂಡೋಗಿ ಚಪ್ಪಲಿ ಬುಡೋ ಜಾಗದ್ ಮ್ಯಾಲೆ ನೇತಾಕ್ಲಾ! ಎಂಟ್ನೇ ಕ್ಲಾಸ್ ದಾಟ್ದೆ ಇರೋನು ಮೊಬೈಲಲ್ಲಿ ಹೊಡ್ದ ಮರಕ್ಕೆ ಒಳಗ್ ಜಾಗ ಇಲ್ಲ. ಬರೋರು ಚಪ್ಪಲಿ ಬುಡೋವಾಗ ನೋಡ್ಕತರೆ, ಸಾಕು."

ಕೊಳ್ಳೇಗಾಲದ ಆ ಕಲ್ಯಾಣ ಮಂಟಪದ ನಟ್ಟನಡುವೆ ನಿಂತು ಸ್ಟುಡಿಯೋ ಶಾಂತಮೂರ್ತಿ ಹೀಗೆ ಕೂಗಿದಾಗ, ಏಣಿ ಮೇಲೆ ಮೊಳೆ ಹೊಡೆಯುತ್ತಿದ್ದವನಿಂದ ಹಿಡಿದು ಮೈಕಿಗೆ ಉಫ್ ಉಫ್ ಎನ್ನುತ್ತಿದ್ದವನ ತನಕ ಎಲ್ಲರೂ ನಕ್ಕರು. ಜಡೇಸ್ವಾಮಿಗೆ ಮೈಯೆಲ್ಲ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು. ಕೈಯಲ್ಲಿದ್ದ ಫ್ರೇಮನ್ನು ಆ ಬೋಳುತಲೆಯ ಮೇಲೇ ಕುಕ್ಕಿಬಿಡೋಣ ಅನ್ನಿಸಿತು. ಫ್ರೇಮಿನ ಗಾಜು ಒಡೆದೀತು ಎಂದು ಸುಮ್ಮನಾದ.

ಕೊಳ್ಳೇಗಾಲ, ಹನೂರು, ಯಳಂದೂರಿನ ಫೋಟೊಗ್ರಾಫರುಗಳೆಲ್ಲ ಸೇರಿ ಗಿಡಮರ, ಹೂವು, ಕಾಡುಪ್ರಾಣಿಗಳ ಫೋಟೊಗಳ ಪ್ರದರ್ಶನ ಇಟ್ಟಿದ್ದರು. ಶಾಗ್ಯದಲ್ಲಿ ಗೂಡ್ಸ್ ಆಟೋ ಓಡಿಸುವ ಜಡೇಸ್ವಾಮಿಯ ಒಂದು ಫೋಟೊವನ್ನು ವಾಟ್ಸಾಪಿನಲ್ಲಿ ನೋಡಿ ಅವನನ್ನೂ ಸೇರಿಸಿದವಳು ಯಳಂದೂರಿನ ಕಾಲೇಜು ಮೇಡಂ ಶೃತಿ. ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಊರ ಮುಂದಿನ ಬೇವಿನ ಬುಡದಲ್ಲಿ ಅಂಗಾತ ಮಲಗಿ ತೆಗೆದದ್ದು ಅದು. ತಾಮ್ರದ ಬಣ್ಣದ ಎಳೆ ಚಿಗುರಿನೊಳಗಿಂದ ಬಿಸಿಲು ಸೋರುತ್ತಿತ್ತು, ನಡುವೆ ಗೂನು ಬೆನ್ನಿನಂಥ ದೊಡ್ಡ ಗಂಟು ಹೊತ್ತ ಕಾಂಡ ಆಕಾಶಕ್ಕೆ ಏರಿತ್ತು.

ಆ ಮರ ಮಾರಮ್ಮನದು. ಅದರ ನೆರಳು ಬೀಳುವಷ್ಟು ದೂರ ಶಾಗ್ಯದವರು ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಮಳೆಗಾಲದ ಕೆಸರಾಗಲಿ, ಬೇಸಿಗೆಯ ಕಾದ ನೆಲವಾಗಲಿ, ಕೈಯಲ್ಲಿ ಹಿಡಿದೇ ದಾಟುತ್ತಾರೆ. ಈಗ ಫೋಟೊ ಬಾಗಿಲ ಬಳಿ ನೇತುಬಿದ್ದು, ಅದೇ ಮರದ ಕೆಳಗೆ ಚಪ್ಪಲಿ ರಾಶಿ! ಅವ್ವ ಪುಟ್ಟಮಲ್ಲಮ್ಮ ಕೇರಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬರುತ್ತಿದ್ದಳು. "ನನ್ ಫೋಟೊ ನೋಡಕ್ ಬರ್ರವ್ವ" ಎಂದು ಬೀದಿ ಬೀದಿ ಸಾರಿದವನು ಇವನೇ. ಫೋಟೊ ಬಿಚ್ಚಿಕೊಂಡು ಹೋಗುವಂತಿಲ್ಲ, ಅಲ್ಲೇ ಬಿಟ್ಟು ಇರುವಂತಿಲ್ಲ. ಅವ್ವ ಬರುವುದರೊಳಗೆ ಒಳಗೊಂದು ಮೊಳೆ ಸಿಕ್ಕರೆ ಸಾಕಿತ್ತು.

"ಮೇಡಂ, ಒಳೀಕೆ ಆಕ್ಸಿ ಮೇಡಂ. ಮೂಲೆಲಾದ್ರೂ ಸರಿ."

"ಉದ್ಘಾಟನೆ ಮುಗೀಲಿ ಜಡೇಸ್ವಾಮಿ, ನಾನೇ ಮಾತಾಡ್ತೀನಿ. ಈಗ ಗಲಾಟೆ ಬೇಡಪ್ಪ" ಎಂದಳು ಶೃತಿ.

ಅವನು ಬಾಗಿಲಿಗೆ ಬಂದು ಬರಿಗೈಯಲ್ಲೇ ಚಪ್ಪಲಿಗಳನ್ನು ಆಚೆ ತಳ್ಳತೊಡಗಿದ. ಒಂದು ಜೊತೆ ತಳ್ಳಿದರೆ ನಾಲ್ಕು ಜೊತೆ ಬಂದು ಬೀಳುತ್ತಿದ್ದವು. ಮುಖ್ಯ ಅತಿಥಿಗಳ ಮಿರಮಿರ ಮಿಂಚುವ ಬೂಟಂತೂ ಸರಿಯಾಗಿ ಮರದ ಬುಡಕ್ಕೇ ಬಂದು ಕೂತಿತು. ಅದನ್ನು ಎತ್ತಬೇಕು ಎನ್ನುವಷ್ಟರಲ್ಲಿ ಅಂಗಳದಲ್ಲಿ ಹಾರ್ನ್ ಕೇಳಿಸಿತು. ಊರಿನ ಇನ್ನೊಂದು ಗೂಡ್ಸ್ ಆಟೋದಿಂದ ಹೆಂಗಸರು ಒಬ್ಬರ ಹಿಂದೊಬ್ಬರು ಧುಮುಕಿದರು. ಅವ್ವ ಎಲ್ಲರಿಗಿಂತ ಮುಂದೆ. ಮೂರನೇ ಮೆಟ್ಟಿಲಲ್ಲಿ ಗಕ್ಕನೆ ನಿಂತಳು.

"ಅಯ್ಯೋ ಸಿವ್ನೇ! ನಮ್ ಮಾರವ್ವ ಇಲ್ಲೇ ಅವ್ಳಲ್ರೇ! ಗಂಟ್ ನೋಡ್ರೇ, ಗಂಟು!"

ಅವ್ವ ಬೈಯಲಿಲ್ಲ, ಅಳಲಿಲ್ಲ. ತನ್ನ ಚಪ್ಪಲಿ ಬಿಟ್ಟವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಏನ್ ನೋಡ್ತಾ ನಿಂತ್ರೀ? ತಗೀರೇ ಈ ಕಸವ!"

ಆಮೇಲೆ ನೋಡಬೇಕಿತ್ತು! ಚಪ್ಪಲಿ, ಬೂಟು, ಹೈ ಹೀಲ್ಸು ಒಂದೂ ಉಳಿಯಲಿಲ್ಲ. ಮಡಿಲು ಮಡಿಲಾಗಿ ಅಂಗಳಕ್ಕೆ ಹೋಗಿ ಬಿದ್ದವು. ಒಬ್ಬಳು ಬಾಟಲಿ ನೀರು ಚೆಲ್ಲಿ ನೆಲ ಒರೆಸಿದಳು, ಇನ್ನೊಬ್ಬಳು ಎಲೆಅಡಿಕೆ ಚೀಲದಿಂದ ಅರಿಶಿನ ಕುಂಕುಮದ ಪೊಟ್ಟಣ ತೆಗೆದಳು. ಅವ್ವ ಗಾಜಿನ ಮೇಲೆ ಗಂಟಿಗೆ ಸರಿಯಾಗಿ ಬೊಟ್ಟಿಟ್ಟು, ಮುಡಿಯಲ್ಲಿದ್ದ ಕನಕಾಂಬರ ಏರಿಸಿ ಕೈಮುಗಿದಳು.

"ಇದ ತಗ್ದೋನು ನೀನೇಯೇನ್ಲಾ ಮಗ?"

"ಊ ಕಣವ್ವ."

"ಚಿಗ್ರು ಈಟೊಂದ್ ಚಂದಾಗದೆ ಅಂತ ನಾ ಯಾವತ್ತೂ ತಲೆ ಎತ್ತಿ ನೋಡೇ ಇರ್ನಿಲ್ಲ ಕಣ್ಲಾ."

ಜಡೇಸ್ವಾಮಿಗೆ ನೆಲವೇ ಕಾಲಿಗೆ ತಾಕಲಿಲ್ಲ. ಅಷ್ಟರಲ್ಲಿ ಸದ್ದು ಕೇಳಿ ಒಳಗಿದ್ದವರೆಲ್ಲ ಬಾಗಿಲಿಗೆ ನುಗ್ಗಿದ್ದರು. ಬೂಟು ಹುಡುಕಲು ಬಂದ ಮುಖ್ಯ ಅತಿಥಿಗಳು ಬೂಟು ಮರೆತು ಫೋಟೊ ನೋಡುತ್ತ ನಿಂತರು. ಎಲ್ಲರ ಮೊಬೈಲುಗಳೂ ಮೇಲೆದ್ದವು. ಶೃತಿ ಮಕ್ಕಳಂತೆ ಚಪ್ಪಾಳೆ ತಟ್ಟಿದಳು. "ಯಾರ್ರೀ ತೆಗೆದದ್ದು ಇದು?" ಎಂದರು ಅತಿಥಿಗಳು.

ಶಾಂತಮೂರ್ತಿ ಜನರನ್ನು ಸೀಳಿಕೊಂಡು ಬಂದ. "ನಮ್ ಹುಡುಗ್ನೇ ಸಾ! ನಾನೇ ತಯಾರ್ ಮಾಡಿರೋದು. ಇದ್ನ ಒಳಗೆ, ಸ್ಟೇಜ್ ಮುಂದ್ಕೇ ಆಕುಸ್ತೀನಿ ಬನ್ನಿ" ಎಂದು ಫ್ರೇಮಿಗೆ ಕೈಯಿಟ್ಟ.

"ಕೈ ತಗೀರಿ ಸ್ವಾಮಿ!" ಪುಟ್ಟಮಲ್ಲಮ್ಮ ಗದರಿದಳು. "ಬೊಟ್ಟಿಟ್ ಮ್ಯಾಲೆ ಸಂಜೆ ದೀಪ ಆಗೋಗಂಟ ಅವ್ವನ್ನ ಎಬ್ಬುಸ್ಬಾರ್ದು. ನೋಡೋರು ಇಲ್ಲೇ ಬಂದ್ ನೋಡ್ಲಿ!"

ಹೆಂಗಸರೆಲ್ಲ ಫೋಟೊ ಮುಂದೆ ಸಾಲಾಗಿ ಕೂತೇಬಿಟ್ಟರು. ಇನ್ನು ಆ ಬಾಗಿಲಲ್ಲಿ ಯಾರು ಬಂದರೂ ಮೊದಲು ಆ ಮರವನ್ನೇ ನೋಡಬೇಕು. ಒಳಗೆ ಶಾಂತಮೂರ್ತಿಯ ಹುಲಿ, ಜಿಂಕೆ, ನವಿಲುಗಳು ಬಿಕೋ ಎನ್ನುತ್ತಿದ್ದವು. ಶಾಂತಮೂರ್ತಿ ಬೆವರು ಒರೆಸಿಕೊಂಡು ಜಡೇಸ್ವಾಮಿಯ ಹೆಗಲ ಮೇಲೆ ಕೈ ಹಾಕಿದ.

"ಜಡೇಸ್ವಾಮಿ, ನೀನಾದ್ರೂ ನಿಮ್ಮವ್ವಂಗೆ ಒಂದ್ ಮಾತ್ ಹೇಳಪ್ಪ. ನಿನ್ ಮಾತಾದ್ರೆ ಕೇಳ್ತಾರೆ. ಒಳಗೆ ನಡುಮಧ್ಯ ಜಾಗ ಮಾಡ್ಕೊಡ್ತೀನಿ ಕಣಯ್ಯ. ಏನಂತೀಯ?"

ಜಡೇಸ್ವಾಮಿ ತನ್ನ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಇಳಿಸಿದ. ಮುಖಕ್ಕೆ ಬರುತ್ತಿದ್ದ ನಗು ಶಾಂತಮೂರ್ತಿಗೆ ಕಾಣದಂತೆ ಬೆನ್ನು ತಿರುಗಿಸಿ, ಕೂತಿದ್ದ ಅವ್ವನನ್ನು ದಾಟಿ, ಮೆಟ್ಟಿಲಿಳಿದು, ಬಿಸಿಲಿಗೆ ನಡೆದೇಬಿಟ್ಟ.