ಕಿಟಕಿಗೆ ಮುಖ ಮಾಡಿ

ಬಕೆಟ್ಟು ಉರುಳಿದಾಗ ಸಿಂಚನ ಮೊದಲು ಬೈದದ್ದು ತನ್ನ ಮೊಣಕೈಯನ್ನು. ಎದೆಬಡಿತ ಅಳೆಯಲು ಓಟಗಾರರು ಕಟ್ಟಿಕೊಳ್ಳುವ ಪಟ್ಟಿಗಳನ್ನು ಕಿಟಕಿಯ ಪಕ್ಕ ಸೋಪಿನ ನೀರಿನಲ್ಲಿ ನೆನೆಸಿಟ್ಟಿದ್ದಳು. ಟವೆಲ್ಲಿಗೆ ಕೈಚಾಚಿದ್ದೇ ತಡ, ಅರ್ಧ ಬಕೆಟ್ ನೀರು ಪ್ರಯೋಗಶಾಲೆಯ ನೆಲಕ್ಕೆ ಹಾಸಿದ ನೀಲಿ ಹಾಳೆಯ ಮೇಲೆ ಹರಡಿತು. ಶನಿವಾರದ ಬೆಳಿಗ್ಗೆ, ಕ್ರೀಡಾ ವಿಜ್ಞಾನ ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲ. ಒರೆಸುವ ಬಟ್ಟೆ ಹುಡುಕಿ ತರುವಷ್ಟರಲ್ಲಿ ಕಿಟಕಿಯ ಪಕ್ಕ ನೀರು ಉಳಿದಿರಲಿಲ್ಲ. ಅದು ಟ್ರೆಡ್‌ಮಿಲ್ಲಿನ ಅಡಿಯಿಂದ ನುಸುಳಿ, ಅವಸರವಿಲ್ಲದೆ, ಬಾಗಿಲ ಕಡೆಗೆ ಹೊರಟಿತ್ತು.

ಬಟ್ಟೆ ಹಿಡಿದುಕೊಂಡು ಅವಳು ನಿಂತಲ್ಲೇ ನಿಂತಳು.

ಈ ಕೋಣೆ ಹಿಂದೆ ಈಜುಗಾರರು ಸ್ನಾನ ಮಾಡಿ ಬಟ್ಟೆ ಬದಲಿಸುತ್ತಿದ್ದ ಜಾಗವೆಂದು ಎಲ್ಲರಿಗೂ ಗೊತ್ತಿತ್ತು. ಸ್ನಾನದ ಕೋಣೆ ಎಂದರೆ ನೀರು ಹರಿದುಹೋಗಲು ಓರೆ ಇಟ್ಟೇ ನೆಲ ಕಟ್ಟಿರುತ್ತಾರೆ. ಇಷ್ಟು ಸಣ್ಣ ಮಾತು, ನೀಲಿ ಹಾಳೆ ಹಾಸಿದ ಮೇಲೆ, ಯಾರ ತಲೆಗೂ ಬಂದಿರಲಿಲ್ಲ. ಅವಳು ಮಂಡಿಯೂರಿ ಕುಳಿತು ಫೋನಿನಲ್ಲಿ ಮಟ್ಟ ನೋಡುವ ಆ್ಯಪ್ ತೆರೆದು ಟ್ರೆಡ್‌ಮಿಲ್ಲಿನ ಪಟ್ಟೆಯ ಮೇಲಿಟ್ಟಳು. ಟ್ರೆಡ್‌ಮಿಲ್ಲಿನ ಫಲಕ ಏರು ಸೊನ್ನೆ ಎನ್ನುತ್ತಿತ್ತು. ಫೋನು ಬಾಗಿಲ ಕಡೆಗೆ ಇಳಿಜಾರು ತೋರಿಸಿತು: ಒಂದು ಡಿಗ್ರಿಯ ಮೂರನೆಯ ಒಂದು ಭಾಗದಷ್ಟು. ಫೋನನ್ನು ತಿರುಗಿಸಿ ಇಟ್ಟಳು. ಅದೇ. ಅಂಗಿಯಿಂದ ಗಾಜು ಒರೆಸಿ ಮತ್ತೆ ಇಟ್ಟಳು.

ಆರು ವರ್ಷದ ಕೆಲಸ ಅವಳ ಪಿಎಚ್‌ಡಿ ಪ್ರಬಂಧ. ಅದರ ಸಾರ ಒಂದೇ ಮಾತು: ಬೆಟ್ಟದ ರಸ್ತೆಯಲ್ಲಿ ಮೂರು ತಿಂಗಳು ತಾಲೀಮು ಮಾಡಿದ ಓಟಗಾರರಿಗೆ ಅದೇ ವೇಗದಲ್ಲಿ ಓಡಲು ಮೊದಲಿಗಿಂತ ಶೇಕಡಾ ಐದರಷ್ಟು ಕಡಿಮೆ ಆಮ್ಲಜನಕ ಸಾಕಾಗುತ್ತದೆ. ತಾಲೀಮಿಗೆ ಮುಂಚೆ ಅಳೆಯುವಾಗ ಟ್ರೆಡ್‌ಮಿಲ್ಲು ಕಿಟಕಿಗೆ ಮುಖ ಮಾಡಿತ್ತು. ಸಪಾಟು ಮೈದಾನದಲ್ಲೇ ಓಡಿದ ಹೋಲಿಕೆಯ ಗುಂಪಿನವರಿಗೆ ಕಾಲೇಜಿನ ಪರೀಕ್ಷೆ ಬಂದಿದ್ದರಿಂದ ಅವರ ಎರಡನೆಯ ಅಳತೆಯನ್ನೂ ಅದೇ ದಿಕ್ಕಿನಲ್ಲಿ, ಬೇಗನೆ ಮುಗಿಸಿದ್ದರು. ಅವರಲ್ಲಿ ಏನೂ ಬದಲಾವಣೆ ಕಂಡಿರಲಿಲ್ಲ. ಆಮೇಲೆ ತಪಾಸಣಾ ಸಮಿತಿ ಬರುತ್ತದೆಂದು ಗೋಡೆಗೆ ಬಣ್ಣ ಹೊಡೆಸಿದರು. ವಿಭಾಗದ ಮುಖ್ಯಸ್ಥ ನಂಜುಂಡಸ್ವಾಮಿ ಬಾಗಿಲಲ್ಲಿ ನಿಂತು, "ಬಂದೋರಿಗೆ ಓಡೋರ ಬೆನ್ನು ತೋರಿಸ್ತೀರೇನ್ರೀ? ಮುಖ ಕಾಣ್ಬೇಕು, ಬೆವರು ಕಾಣ್ಬೇಕು. ತಿರುಗಿಸ್ರೀ ಅದನ್ನ," ಎಂದಿದ್ದರು. ನಾಲ್ಕು ಜನ ಸೇರಿ ತಿರುಗಿಸಿದ್ದರು. ಒಂದು ಮೂಲೆ ಸಿಂಚನಳದೇ ಕೈಯಲ್ಲಿತ್ತು. ಬೆಟ್ಟದ ಗುಂಪಿನ ಎರಡನೆಯ ಅಳತೆ ನಡೆದದ್ದು ಆಮೇಲೆ.

ಪ್ರತಿ ಬೆಳಿಗ್ಗೆ ಸಿಲಿಂಡರಿನ ಅನಿಲ ಹಾಯಿಸಿ, ಉಸಿರಿನ ಆಮ್ಲಜನಕ ಅಳೆಯುವ ಯಂತ್ರವನ್ನು ಸರಿಹೊಂದಿಸುತ್ತಿದ್ದಳು. ಪಟ್ಟೆಗೆ ಟೇಪು ಅಂಟಿಸಿ, ಅದು ಸುತ್ತುವುದನ್ನು ಎಣಿಸಿ ವೇಗ ಪರೀಕ್ಷಿಸುತ್ತಿದ್ದಳು. ಕೋಣೆಯ ತೇವ, ಗಾಳಿಯ ಒತ್ತಡ, ಓಟಗಾರ ಹಿಂದಿನ ದಿನ ಉಂಡ ಮುದ್ದೆ, ಎಲ್ಲಕ್ಕೂ ಲೆಕ್ಕವಿತ್ತು. ನೆಲಕ್ಕಿರಲಿಲ್ಲ. ಏರಿಗೆ ಎಷ್ಟು ಆಮ್ಲಜನಕ ಹೆಚ್ಚು ಬೇಕು ಎಂಬ ಸೂತ್ರವನ್ನು ಅವಳೇ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಕಲಿಸುತ್ತಿದ್ದಳು, ಅತಿಥಿ ಉಪನ್ಯಾಸಕಿಯಾಗಿ. ಈಗ ಲೆಕ್ಕ ಹಾಕಲು ಕಾಗದ ಬೇಕಾಗಲಿಲ್ಲ. ಮುಂಚೆ ಸ್ವಲ್ಪ ಹತ್ತುತ್ತಿದ್ದರು, ಆಮೇಲೆ ಸ್ವಲ್ಪ ಇಳಿಯುತ್ತಿದ್ದರು. ಎರಡೂ ಸೇರಿದರೆ ಶೇಕಡಾ ನಾಲ್ಕು.

ಐದರಲ್ಲಿ ಒಂದು ಉಳಿಯಿತು. ಆ ಒಂದು, ಯಂತ್ರದ ಸಹಜ ಏರಿಳಿತದೊಳಗೇ ಮುಳುಗಿಹೋಗುವಂಥದ್ದು.

ನೆಲ ಒರೆಸಿದಳು. ಒಣಗಿದ್ದ ಜಾಗವನ್ನೂ ಒರೆಸಿದಳು.

ಮಾರ್ಗದರ್ಶಕಿ ಚೂಡಾಮಣಿಯವರ ಮನೆ ಜಯಲಕ್ಷ್ಮಿಪುರಂನಲ್ಲಿ. ಅಂಕಿಗೂ ಅದರ ಏಕಮಾನಕ್ಕೂ ನಡುವೆ ಜಾಗ ಬಿಟ್ಟಿಲ್ಲವೆಂದು ಇಡೀ ಅಧ್ಯಾಯವನ್ನೇ ವಾಪಸು ಕಳಿಸುವ ಹೆಂಗಸು. ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಸಿಂಚನ ಅವರ ಕೊನೆಯ ವಿದ್ಯಾರ್ಥಿನಿ. ಅಷ್ಟರೊಳಗೆ ಪ್ರಬಂಧ ಸಲ್ಲಿಸಿದರೆ ಕಾಯಂ ಹುದ್ದೆಯ ಸಂದರ್ಶನಕ್ಕೆ ಸಿಂಚನಳ ಹೆಸರು ಹೋಗುತ್ತದೆ. ಇಲ್ಲವಾದರೆ ಹೊಸ ಮಾರ್ಗದರ್ಶಕರು, ಹೊಸ ಅರ್ಜಿ. ಮುಂದಿನ ಸಂದರ್ಶನ ಯಾವಾಗಲೋ, ದೇವರೇ ಬಲ್ಲ.

"ಏನೇ ಇದು, ಹೆಲ್ಮೆಟ್ ಹಾಕ್ಕೊಂಡೇ ಒಳಗೆ ಬಂದ್ಬಿಟ್ಟೆ?" ಎಂದರು ಚೂಡಾಮಣಿ. "ತೆಗಿ. ನಮ್ಮನೆ ಸೂರು ಇನ್ನೂ ಗಟ್ಟಿಯಾಗಿದೆ."

ಸಿಂಚನ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿದಳು. ಚೂಡಾಮಣಿ ಕಾಫಿ ಆರಿಸುವವರಂತೆ ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಸುರಿಯುತ್ತಿದ್ದರು. ಕಾಫಿ ಯಾವಾಗಲೋ ಆರಿತ್ತು.

"ಮೇಸ್ತ್ರಿಗಳು ಇಡೋ ರಸಮಟ್ಟ ಇಟ್ಟು ನೋಡಿದ್ಯಾ?"

"ಫೋನಲ್ಲಿ ನೋಡ್ದೆ ಮೇಡಂ."

"ಫೋನು! ಹೋದ ವರ್ಷ ಇದೇ ಫೋನು ಅಲ್ವೇ ನಿನ್ನನ್ನ ಶ್ರೀರಾಂಪುರಕ್ಕೆ ಅಂತ ಹೇಳಿ ಕೆರೆ ಏರಿ ಮೇಲೆ ನಿಲ್ಲಿಸಿದ್ದು?" ನಗಿಸಲು ಹೇಳಿದ ಮಾತು, ಇಬ್ಬರೂ ನಗಲಿಲ್ಲ. "ಸೂತ್ರ ಹೇಳೋದು ಸರಾಸರಿ. ನಮ್ಮ ಹುಡುಗರ ಕಾಲು ಬೇರೆ ಏನಾದ್ರೂ ಹೇಳಬಹುದು."

"ಹೇಳಬಹುದು."

"ಯಾರಿಗೆ ಹೇಳಿದ್ದೀಯಾ?"

"ಯಾರಿಗೂ ಇಲ್ಲ ಮೇಡಂ. ನಿಮಗೇ ಮೊದಲು."

ಚೂಡಾಮಣಿ ಎದ್ದು ಹೋಗಿ ಕಿಟಕಿಯ ಪರದೆ ಸರಿಸಿದರು. ಪರದೆ ಸರಿಯಾಗಿಯೇ ಇತ್ತು. "ಸೋಮವಾರದ ತನಕ ಯಾರಿಗೂ ಹೇಳಬೇಡ," ಎಂದರು.

ಮೆಟ್ಟಿಲಿಳಿಯುವಾಗ ಸಿಂಚನಳ ಮೈ ಹಗುರಾಗಿತ್ತು. ಇದನ್ನೇ ಕೇಳಲು ಬಂದಿದ್ದೆನೆಂದು ಗೇಟು ಮುಚ್ಚುವಾಗ ಹೊಳೆಯಿತು. ಆಮೇಲೆ ಮಾತಿನ ತೂಕ ಬೇರೆಯಾಯಿತು. ಸೋಮವಾರದ ತನಕ ಎಂದರೆ ಆಮೇಲೆ ಹೇಳು ಎಂದೋ, ಅಥವಾ ಅಷ್ಟರಲ್ಲಿ ನಿನಗೇ ಅಭ್ಯಾಸವಾಗುತ್ತದೆ ಎಂದೋ? ಮನೆಗೆಂದು ಶ್ರೀರಾಂಪುರದ ಕಡೆ ಹೋಗಬೇಕಾದವಳ ಸ್ಕೂಟರು ಒಂಟಿಕೊಪ್ಪಲಿನ ಬೀದಿಗಳಲ್ಲಿ ಸುತ್ತುತ್ತಿತ್ತು. ಒಂದೇ ಹೂವಿನಂಗಡಿಯ ಮುಂದೆ ಎರಡನೆಯ ಸಲ ಹಾದಾಗ ಅಂಗಡಿಯವಳು, "ಏನವ್ವ, ದಾರಿ ತಪ್ತಾ?" ಎಂದು ಕೂಗಿದಳು.

ಭಾನುವಾರ ಮನೆಯಲ್ಲಿ ಕೂರಲಾಗಲಿಲ್ಲ. ಬೆಳಗಾಗುತ್ತಲೇ ಬೆಟ್ಟದ ಬುಡಕ್ಕೆ ಹೋದಳು. ತಾಲೀಮು ಮುಗಿದು ವರ್ಷವಾಗಿದ್ದರೂ ಅವಳ ಗುಂಪಿನ ಕೆಲವರು ಇನ್ನೂ ರಸ್ತೆ ಹತ್ತುತ್ತಿದ್ದರು. ಅವಳು ಕಣ್ಣು ತಪ್ಪಿಸಿಕೊಳ್ಳುವ ಮೊದಲೇ ಅವರಲ್ಲೊಬ್ಬ, ಸುನಿಲ್, ನೋಡಿಬಿಟ್ಟ. ಇಪ್ಪತ್ತಾರರ ಹುಡುಗ, ಹತ್ತು ಸಾವಿರ ಮೀಟರಿನ ಓಟಗಾರ, ಯಾವುದೋ ಗೋಡೌನಿನಲ್ಲಿ ಕೆಲಸ.

"ಅಕ್ಕಾ! ಎಂಗಿದ್ದೀರಾ? ನೀವೂ ಓಡಕ್ಕೆ ಬಂದ್ರಾ, ಇಲ್ಲ ನಮ್ಮುನ್ನ ಹಿಡ್ಕೊಂಡೋಗಿ ಮೂತಿಗೆ ಪೈಪು ಹಾಕಕ್ಕಾ?"

"ಸುಮ್ನೆ ಬಂದೆ ಕಣೋ. ಈ ಹೊತ್ತಲ್ಲಿ ನಿಂಗೆ ಡ್ಯೂಟಿ ಇರಲಿಲ್ವಾ?"

"ಬೆಳಗಿನ ಪಾಳಿ ಬುಟ್ಬುಟ್ಟೆ ಅಕ್ಕ. ರಾತ್ರಿದೇ ಹಾಕುಸ್ಕೊಂಡೆ. ನಿದ್ದೆ ಕೆಡ್ತದೆ, ಆದ್ರೆ ಬೆಟ್ಟ ಬುಡಕ್ಕಾಯ್ತದಾ? ನೀವೇ ಅಲ್ವಾ ಹೇಳಿದ್ದು, ಐದು ಪರ್ಸೆಂಟ್ ಅಂತ." ಅವನು ನಿಂತಲ್ಲೇ ಕಾಲು ಕುಣಿಸುತ್ತಿದ್ದ. "ಕೊನೇ ಸುತ್ತಲ್ಲಿ ಎಲ್ರೂ ಸತ್ತೋಗಿರ್ತಾರಲ್ಲ, ಆಗ ನಾನು ಅದುನ್ನೇ ಅಂದ್ಕೊತೀನಿ. ನಂತಾವ ಇನ್ನೂ ಐದು ಪರ್ಸೆಂಟ್ ಮಡಗಿದೀನಿ, ಇವರತ್ರ ಇಲ್ಲ ಅಂತ."

"ಟೈಮಿಂಗ್ ಕಮ್ಮಿ ಆಗಿದ್ಯಾ?"

"ಆಗದೆ ಇರ್ತದಾ?" ಎಂದು ನಕ್ಕು, ಉತ್ತರಕ್ಕೆ ಕಾಯದೆ ತಿರುವಿನಲ್ಲಿ ಮರೆಯಾದ.

ಬೆಟ್ಟದಿಂದಲೋ, ತಾನು ಕೊಟ್ಟ ಒಂದು ಅಂಕಿಯಿಂದಲೋ? ಅವನ ಸಮಯ ಕಡಿಮೆಯಾಗಿದ್ದರೆ ಯಾವುದರಿಂದ ಎಂದು ಅಳೆಯುವ ಯಂತ್ರ ಯಾವ ವಿಭಾಗದಲ್ಲೂ ಇರಲಿಲ್ಲ. ರಾತ್ರಿಯಿಡೀ ಮೂಟೆ ಎಣಿಸಿ ಬಂದವನ ಕಣ್ಣು ಕೆಂಪಾಗಿದ್ದದ್ದು ಮಾತ್ರ ಅವಳಿಗೆ ಕಂಡಿತ್ತು.

ಸೋಮವಾರ ಅವಳು ಬರುವ ಹೊತ್ತಿಗೆ ಚೂಡಾಮಣಿ ಪ್ರಯೋಗಶಾಲೆಯಲ್ಲಿದ್ದರು. ತಮ್ಮ ಮನೆಯ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿಯಿಂದ ತಂದ ಉದ್ದನೆಯ ರಸಮಟ್ಟ ಟ್ರೆಡ್‌ಮಿಲ್ಲಿನ ಮೇಲಿತ್ತು. ಅದರ ಗಾಜಿನೊಳಗಿನ ಗುಳ್ಳೆ ಕಿಟಕಿಯ ಕಡೆಗೆ ಸರಿದು ನಿಂತಿತ್ತು. ಬಾಗಿಲಲ್ಲಿ ನಂಜುಂಡಸ್ವಾಮಿ ಎರಡೂ ಕೈ ಸೊಂಟದ ಮೇಲಿಟ್ಟುಕೊಂಡು ನಿಂತಿದ್ದರು.

"ಏನಮ್ಮ ಸಿಂಚನ, ನೆಲ ಓರೆಯಂತೆ! ಇಡೀ ಭೂಮೀನೇ ಓರೆ ಕಣಮ್ಮ, ಇಪ್ಪತ್ಮೂರೂವರೆ ಡಿಗ್ರಿ. ಅದರ ಮೇಲೆ ನಿಂತ್ಕೊಂಡು ಎಷ್ಟು ಜನ ಪಿಎಚ್‌ಡಿ ಮಾಡಿಲ್ಲ?"

"ನಂಜುಂಡಸ್ವಾಮಿಯವರೇ, ಒಂದು ಮೂಲೆ ಹಿಡೀರಿ," ಎಂದರು ಚೂಡಾಮಣಿ.

"ಹಿಡೀತೀನಿ, ಅದಕ್ಕೇನು. ಮೊದಲು ಒಂದ್ಮಾತು ಕೇಳಿ." ಅವರ ದನಿಯಿಂದ ತಮಾಷೆ ಹೋಯಿತು. "ಅಧ್ಯಯನದ ಮಿತಿಗಳು ಅಂತ ಒಂದು ಭಾಗ ಇದ್ದೇ ಇದೆ. ಅದರಲ್ಲಿ ನೆಲದ ಬಗ್ಗೆ ಒಂದು ಪ್ಯಾರಾ ಹಾಕಿ, ಸುಳ್ಳೇನೂ ಆಗಲ್ಲ. ನೀವು ಮೂವತ್ತಕ್ಕೆ ಹಾರ ಹಾಕಿಸ್ಕೊಂಡು ಮನೆಗೆ ಹೋಗ್ತೀರಿ. ಈ ಹುಡುಗಿ ಎಲ್ಲಿಗೆ ಹೋಗ್ಬೇಕು? ತಿರುಗಿಸಿ ಅಂದಿದ್ದು ನಾನು. ಬೇಕಾದ್ರೆ ನನ್ನ ಹೆಸರು ಬರೀರಿ. ಇವಳ ಹೊಟ್ಟೆ ಮೇಲೆ ಯಾಕೆ ಹೊಡೀತೀರಿ?"

ಅವರು ಅಷ್ಟು ಮೃದುವಾಗಿ ಮಾತಾಡಿದ್ದನ್ನು ಸಿಂಚನ ಎಂದೂ ಕೇಳಿರಲಿಲ್ಲ. ಚೂಡಾಮಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಿನ್ನೆ ಪೂರ್ತಿ ಅದೇ ಯೋಚನೆ ಮಾಡಿದೆ," ಎಂದರು, ಇಬ್ಬರಲ್ಲಿ ಯಾರಿಗೆಂದು ತಿಳಿಯದ ಹಾಗೆ. "ಹೇಳದೇ ಇದ್ರೆ ಏನಾಗತ್ತೆ ಅಂತ. ಏನೂ ಆಗಲ್ಲ. ಪರೀಕ್ಷಕರು ಇಲ್ಲಿಗೆ ಬಂದು ನೀರು ಚೆಲ್ಲಿ ನೋಡಲ್ಲ. ಏನೂ ಆಗಲ್ಲ ಅನ್ನೋದೇ ಕಷ್ಟವಾಗಿರೋದು." ಆಮೇಲೆ ಸಿಂಚನಳ ಕಡೆ ತಿರುಗಿದರು. "ಒಬ್ಬರನ್ನೇ ಎರಡೂ ಕಡೆ ಓಡಿಸಿದ್ರೆ ನೆಲದ ಪಾಲು ಎಷ್ಟು ಅಂತ ಗೊತ್ತಾಗತ್ತೆ. ಸೂತ್ರದ ಸರಾಸರಿ ಅಲ್ಲ, ನಿಜವಾಗಿ. ನೆಲದ ಪಾಲು ಕಮ್ಮಿ ಬಂದ್ರೆ ನೀನು ಬಚಾವು. ಸೂತ್ರದಷ್ಟೇ ಬಂದ್ರೆ ಪ್ರಬಂಧ ಇಲ್ಲ. ಸ್ವಾಮಿಯವರು ಹೇಳಿದ್ದೂ ತಪ್ಪಲ್ಲ. ನಿನ್ನ ಹೆಸರಿನ ಪ್ರಬಂಧ. ನೀನು ಹೇಳು."

ಅವಳು ಚಪ್ಪಲಿ ಬಿಟ್ಟು, ಬೀರುವಿನ ಕೆಳಗಿದ್ದ ತನ್ನ ಹಳೆಯ ಓಟದ ಬೂಟು ಎಳೆದುಕೊಂಡು ಕುಳಿತು ದಾರ ಕಟ್ಟತೊಡಗಿದಳು. ಯೂನಿವರ್ಸಿಟಿ ತಂಡಕ್ಕೆ ಓಡಿ ಹತ್ತು ವರ್ಷವಾಗಿತ್ತು. ನಂಜುಂಡಸ್ವಾಮಿ ನೋಡುತ್ತಾ ನಿಂತಿದ್ದು, "ಹಟಮಾರಿಗಳು ಕಣ್ರೀ ನೀವಿಬ್ಬರೂ," ಎಂದು ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿದರು.

ಮೊದಲು ಬಾಗಿಲಿಗೆ ಮುಖ ಮಾಡಿಯೇ ಓಡಿದಳು. ಆಮೇಲೆ ಎದೆಬಡಿತ ಪೂರ್ತಿ ಇಳಿಯುವವರೆಗೆ ಕುಳಿತಳು. ಅಷ್ಟರಲ್ಲಿ ಹೊರಗಿನಿಂದ ಇನ್ನಿಬ್ಬರನ್ನು ಕರೆದು, ನಂಜುಂಡಸ್ವಾಮಿ ತಾವೇ ಒಂದು ಮೂಲೆ ಹಿಡಿದು, ಏದುಸಿರು ಬಿಡುತ್ತಾ ಟ್ರೆಡ್‌ಮಿಲ್ಲನ್ನು ತಿರುಗಿಸಿದರು. "ಮುಂದಿನ ಸಮಿತಿಗೆ ನನ್ನ ಬೆನ್ನೇ ತೋರಿಸ್ತೀನಿ," ಎಂದು ಗೊಣಗಿದರು.

ಎರಡನೆಯ ಓಟಕ್ಕೆ ಚೂಡಾಮಣಿ ಮತ್ತೆ ಅವಳ ಮುಖಕ್ಕೆ ಉಸಿರು ಅಳೆಯುವ ಮಾಸ್ಕು ಕಟ್ಟಿದರು. ಮೂಗಿನ ಪಕ್ಕ ಬೆರಳಾಡಿಸಿ ಎಲ್ಲಿಯೂ ಗಾಳಿ ಸೋರುತ್ತಿಲ್ಲವೆಂದು ನೋಡಿದರು. ಪಟ್ಟೆ ಚಲಿಸತೊಡಗಿತು. ಅಳತೆ ಮೂಡುವ ಪರದೆಯನ್ನು ಓಡುವವರಿಗೆ ಕಾಣದ ಹಾಗೆ ತಿರುಗಿಸಿಡುವುದು ವಾಡಿಕೆ. ಸಿಂಚನಳಿಗೆ ಕಾಣುತ್ತಿದ್ದದ್ದು ಕಿಟಕಿ, ಅದರಾಚೆ ಮೈದಾನದಲ್ಲಿ ಯಾರೋ ಸುಣ್ಣದ ಗೆರೆ ಎಳೆಯುತ್ತಿದ್ದದ್ದು, ಓರೆಗಣ್ಣಿಗೆ ಚೂಡಾಮಣಿಯವರ ಮುಖದ ಒಂದು ಪಕ್ಕ. ಆ ಮುಖದಲ್ಲಿ ಎಂದೂ ಏನನ್ನೂ ಓದಲಾಗುತ್ತಿರಲಿಲ್ಲ.

ಏರು ಇದೆಯೋ ಇಲ್ಲವೋ ಕಾಲಿಗೆ ತಿಳಿಯಲಿಲ್ಲ. ಎದೆಯಲ್ಲಿ ಮಾತ್ರ ಬಿಗಿ ಇತ್ತು. ಮೊದಲ ಓಟದಲ್ಲಿ ಅದು ಇರಲಿಲ್ಲ. ಇದೇ ಏರು, ಹೀಗೆಯೇ ಗೊತ್ತಾಗುವುದು, ಎಂದುಕೊಂಡಳು. ಇನ್ನಷ್ಟು ಹೆಜ್ಜೆ ಹಾಕಿದ ಮೇಲೆ ಅದು ಏರಲ್ಲವೆಂದು ತಿಳಿಯಿತು. ಅವಳು ಉಸಿರನ್ನು ತಡೆದಿಟ್ಟುಕೊಳ್ಳುತ್ತಿದ್ದಳು. ಸಣ್ಣದಾಗಿ ಎಳೆದು, ಅರ್ಧ ಬಿಟ್ಟು, ಉಳಿದದ್ದನ್ನು ಒಳಗೇ ಅದುಮಿಟ್ಟು, ಪರದೆಯ ಅಂಕಿ ಏರದಂತೆ. ಹಾಗೆ ಮಾಡಿದರೆ ಏನೂ ಉಪಯೋಗವಿಲ್ಲವೆಂದು ಅವಳೇ ಪಾಠ ಮಾಡಿದ್ದಳು; ದೇಹಕ್ಕೆ ಬೇಕಾದದ್ದನ್ನು ಅದು ಕೊನೆಗೆ ತೆಗೆದುಕೊಂಡೇ ತೀರುತ್ತದೆ. ಆದರೂ ಎದೆ ಸಡಿಲವಾಗಲಿಲ್ಲ.

"ಸಿಂಚನ," ಎಂದರು ಚೂಡಾಮಣಿ. ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಉಸಿರು ಬಿಡಮ್ಮ."

ಸುಣ್ಣ ಎಳೆಯುತ್ತಿದ್ದವನು ತಿರುವಿಗೆ ಬಂದು, ನಿಂತು, ಗೆರೆಗೆಂದು ಕಟ್ಟಿದ ಹಗ್ಗ ನೋಡಿ, ಮತ್ತೆ ಮುಂದುವರಿದ. ಅವಳು ಉಸಿರು ಬಿಟ್ಟಳು. ಮಾಸ್ಕಿನ ಕವಾಟ ಟಪ್ಪೆಂದು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.