ಕೋನಪ್ಪನ ಹೆಬ್ಬೆಟ್ಟು ಮತ್ತು ಸೈಕಲ್ಲಿನ ಗಾಳಿ

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಕೋನಪ್ಪನಿಗಿಂತ ಕೋನಪ್ಪನ ಹೆಬ್ಬೆಟ್ಟಿಗೆ ಹೆಚ್ಚು ಮರ್ಯಾದೆಯಿತ್ತು. ಜಾಲರಿ ತೊಟ್ಟಿಯಲ್ಲಿ ಸುರಿದ ರೇಷ್ಮೆಗೂಡಿನೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಹೆಬ್ಬೆಟ್ಟಿನಿಂದ ಒಮ್ಮೆ ಒತ್ತುತ್ತಿದ್ದ. ಗೂಡು ಎಷ್ಟು ಬಗ್ಗಿತು, ಎಷ್ಟು ಬೇಗ ಎದ್ದಿತು ಎಂಬುದರಲ್ಲೇ ನೂಲಿನ ಜಾತಕವೆಲ್ಲ ಇದೆಯೆಂದು ಅವನ ನಂಬಿಕೆ. ಈಗ ಹರಾಜು ಮೊಬೈಲಿನಲ್ಲಿ ನಡೆಯುತ್ತದೆ. ಆದರೆ ಗೂಡು ಗಟ್ಟಿಯೋ ಮೆತ್ತಗೋ ಎಂಬುದು ಮೊಬೈಲಿಗೆ ತಿಳಿಯದು. ಹಾಗಾಗಿ ಅವನಂತೆ ಗೂಡು ಕೊಂಡು ನೂಲು ತೆಗೆಯುವ ಉಳಿದ ರೀಲರುಗಳು ಪರದೆ ನೋಡುವ ನಟನೆ ಮಾಡುತ್ತ ಕೋನಪ್ಪನ ಮುಖ ನೋಡುತ್ತಿದ್ದರು. ಅವನ ಗದ್ದ ಮೇಲೆದ್ದರೆ ಆ ಲಾಟಿಗೆ, ಅಂದರೆ ಆ ರಾಶಿಗೆ, ಬೆಲೆ ಏರುತ್ತಿತ್ತು.

ಇಂಥ ಹೆಬ್ಬೆಟ್ಟು ಮನೆಯಲ್ಲಿ ಸುಮ್ಮನಿರುವುದುಂಟೆ? ಅನ್ನ ಬೆಂದಿದೆಯೇ, ಹಲಸು ಮಾಗಿದೆಯೇ, ದಿಂಬಿನ ಹತ್ತಿ ಸಾಕೇ, ಎಲ್ಲಕ್ಕೂ ಅದರದೇ ತೀರ್ಪು. ಸೊಸೆ ಜ್ಯೋತಿಲಕ್ಷ್ಮಿಯ ಸೈಕಲ್ಲಿಗೆ ಗಾಳಿ ಹೊಡೆಯುವುದೂ ಅದರ ಇಲಾಖೆಗೇ ಸೇರಿತ್ತು. ಗಂಡ ಕೆಂಪರಾಜು ಚಿಕ್ಕಬಳ್ಳಾಪುರದ ಕಚೇರಿಗೆ ಬೈಕು ತೆಗೆದುಕೊಂಡು ಹೋಗುವುದರಿಂದ ಅವಳಿಗೆ ಸೈಕಲ್ಲೇ ಗತಿ. ಬಸ್ ನಿಲ್ದಾಣದ ಬಳಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳು ಟೆಕ್ನಿಷಿಯನ್. ಭಾನುವಾರ ಬೆಳಿಗ್ಗೆ ಕೋನಪ್ಪ ಪಂಚೆ ಎತ್ತಿಕಟ್ಟಿ, ಹಳೆಯ ಪಂಪನ್ನು ಬಾವಿಯಿಂದ ನೀರು ಸೇದುವವನಂತೆ ಓಲಾಡಿಸಿ ಹೊಡೆದು, ಟೈರು ಒತ್ತಿ ನೋಡಿ, ‘ಇನ್ನೂ ಸಾಲ್ದು’ ಎಂದು ಮತ್ತೆ ಹೊಡೆಯುತ್ತಿದ್ದ.

ಒಂದು ಸೋಮವಾರ ಲ್ಯಾಬಿನ ಮುಂದೆ ಬಿಸಿಲಲ್ಲಿ ನಿಂತಿದ್ದ ಸೈಕಲ್ಲು ಢಂ ಎಂದಿತು. ಒಳಗೆ ತೋಳು ಚಾಚಿ ಕೂತಿದ್ದ ಅಜ್ಜನೊಬ್ಬ ತನ್ನೊಳಗೇ ಏನೋ ಒಡೆಯಿತೆಂದು ತಿಳಿದು, “ಹೋಯ್ತು ತಾಯಿ, ಮನೆಗೆ ಹೇಳ್ಕಳ್ಸು” ಎಂದು ಕಣ್ಣು ಮುಚ್ಚಿದ. ಅವನನ್ನು ಸಮಾಧಾನಪಡಿಸಿದ ಮೇಲೆ ಜ್ಯೋತಿಲಕ್ಷ್ಮಿ ಸೈಕಲ್ಲನ್ನು ಗಂಗರಾಜುವಿನ ಅಂಗಡಿಗೆ ತಳ್ಳಿಕೊಂಡು ಹೋದಳು.

ಗಂಗರಾಜು ಸೀಳಿದ ಟ್ಯೂಬನ್ನು ಎತ್ತಿ ಹಿಡಿದ. “ಇದು ಮುಳ್ಳು ಚುಚ್ಚಿ ಸತ್ತಿದ್ದಲ್ಲಮ್ಮ. ಊಟ ಜಾಸ್ತಿಯಾಗಿ ಸತ್ತಿದ್ದು. ಹೋದ ತಿಂಗಳೂ ಒಂದು ಹಿಂಗೇ ತಂದಿದ್ರಲ್ಲ? ಯಾರು ಗಾಳಿ ಹೊಡ್ಯೋದು?”

“ನಮ್ಮ ಮಾವ.”

“ಕೋನಪ್ಪಣ್ಣಾನಾ?” ಗಂಗರಾಜುವಿನ ದನಿ ತಕ್ಷಣ ತಗ್ಗಿತು. “ಹಂಗಾದ್ರೆ ಟ್ಯೂಬಿಂದೇ ತಪ್ಪು ಬಿಡಿ.”

ಮನೆಯಲ್ಲೂ ಹಾಗೆಯೇ ತೀರ್ಮಾನವಾಯಿತು. ಹಿತ್ತಲಿನ ಘಟಕದಲ್ಲಿ ಅತ್ತೆ ಆದಿಲಕ್ಷ್ಮಮ್ಮ ಕುದಿವ ನೀರಿನ ಬೇಸಿನ್ನಿನ ಮುಂದೆ ಕೂತು ಗೂಡಿನಿಂದ ಎಳೆ ತೆಗೆಯುತ್ತಿದ್ದಳು. ಎಳೆ ಮತ್ತೆ ಮತ್ತೆ ಹರಿಯುತ್ತಿತ್ತು. “ಈ ಲಾಟೂ ಹಂಗೇ. ಈರುಳ್ಳಿ ಸಿಪ್ಪೆ ಥರ ಐತೆ ಗೂಡು. ಏನಯ್ಯಾ, ಕಣ್ಣು ಮುಚ್ಕೊಂಡ್ ತಂದ್ಯಾ?”

“ಮೋಡ ಹಿಡ್ಕೊಂಡಿತ್ತು, ಸೊಪ್ಪು ಸರಿಯಿಲ್ಲ. ಹುಳ ಏನ್ ಮಾಡ್ತದೆ ಪಾಪ,” ಎಂದ ಕೋನಪ್ಪ. ಟ್ಯೂಬಿನ ಸುದ್ದಿ ಕೇಳಿ, “ಅದೂ ಈಗಿನ ಮಾಲು,” ಎಂದ.

ಹಿಂದಿನ ಲಾಟಿಗೂ ಮೋಡವೇ ಕಾರಣವಾಗಿತ್ತು. ಇನ್ನೊಂದು ಲಾಟು ಹೀಗೇ ಬಂದರೆ ಬೇಸಿನ್ನು ಆರಿಸಿಬಿಡೋಣ ಎಂದು ಆದಿಲಕ್ಷ್ಮಮ್ಮ ಹೇಳಿಯಾಗಿತ್ತು. ಬೇಸಿನ್ನು ಆರಿದರೆ ಕೋನಪ್ಪನಿಗೆ ಮಾರುಕಟ್ಟೆಯಿಲ್ಲ. ಮಾರುಕಟ್ಟೆಯಿಲ್ಲದ ಕೋನಪ್ಪ ಹೇಗಿರುತ್ತಾನೆಂದು ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ, ಅವನೊಬ್ಬನನ್ನು ಬಿಟ್ಟು.

ಆ ವಾರ ಜ್ಯೋತಿಲಕ್ಷ್ಮಿ ಹೊಸ ಪಂಪು ತಂದಳು. ನೆಲಕ್ಕೆ ಊರುವಂಥದ್ದು, ಬುಡದಲ್ಲಿ ಗಡಿಯಾರದಂತೆ ಒಂದು ಮುಖ, ಅದರೊಳಗೊಂದು ಮುಳ್ಳು. ಭಾನುವಾರ ಅಂಗಳದಲ್ಲಿ ಅದನ್ನು ಕಂಡ ಕೋನಪ್ಪ, ಮನೆಗೆ ಬಂದ ಹೊಸ ಅಳಿಯನನ್ನು ನೋಡುವಂತೆ ಅಡಿಯಿಂದ ಮುಡಿವರೆಗೆ ನೋಡಿದ.

“ಇದೇನಮ್ಮ, ನಂಗೆ ಮೇಸ್ತ್ರೀನಾ?”

“ಇಲ್ಲ ಮಾವ, ಜೊತೆಗಿರ್ಲಿ ಅಂತ. ಬನ್ನಿ ಇಲ್ಲಿ. ಟೈರಿನ ಪಕ್ಕದಲ್ಲಿ ಉಬ್ಬುಬ್ಬಾಗಿ ಬರ್ದಿದಾರೆ ನೋಡಿ, ಎಷ್ಟರಿಂದ ಎಷ್ಟರವರೆಗೆ ಗಾಳಿ ಬೇಕು ಅಂತ. ನಲವತ್ತರಿಂದ ಅರವತ್ತೈದು.”

“ಇಷ್ಟು ದಿನ ಅದು ಕಂಪ್ನಿ ಹೆಸರು ಅನ್ಕೊಂಡಿದ್ದೆ.”

ಅವಳು ಮುಂದಿನ ಚಕ್ರ ತಿರುಗಿಸಿ ಗಾಳಿಬಾಯಿ ಕೈಗೆ ಸಿಗುವಂತೆ ನಿಲ್ಲಿಸಿ, ಮುಚ್ಚಳ ಬಿಚ್ಚಿ, ಪಂಪಿನ ಮೂತಿಯನ್ನು ನೇರವಾಗಿ ಒತ್ತಿ ಕೊಂಡಿ ಹಾಕಿದಳು. ಬುಡದ ಮೇಲೆ ಎರಡೂ ಪಾದ ಇಟ್ಟಳು. “ಓಲಾಡಿಸ್ಬಾರ್ದು ಮಾವ, ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ. ಮೊದ್ಲು ಸ್ವಲ್ಪ ತುಂಬ್ಸಿ ಸುತ್ತ ನೋಡ್ಬೇಕು, ಟೈರು ಎಲ್ಲಾ ಕಡೆ ರಿಮ್ಮಲ್ಲಿ ಸರಿಯಾಗಿ ಕೂತಿದ್ಯಾ ಅಂತ. ಒಂದು ಕಡೆ ಉಬ್ಬಿದ್ರೆ ಟ್ಯೂಬು ಅಲ್ಲೇ ಹೊರಗೆ ಬಂದು ಒಡ್ಯುತ್ತೆ. ಆಮೇಲೆ ಪೂರ್ತಿ ತುಂಬ್ಸೋದು.”

ಕೋನಪ್ಪ ಎಲ್ಲವನ್ನೂ ಕೇಳಿದ. ಕೇಳಿದ್ದು ಸರಿಯೆನಿಸಿದ್ದೇ ಅವನ ಕಷ್ಟವಾಯಿತು. “ನೋಡಮ್ಮ,” ಎಂದ ಕೊನೆಗೆ, “ನಾನು ಆ ಕಡೆ ತಿರುಗ್ಕೋತೀನಿ. ನಿಂಗೆ ಬೇಕಾದಷ್ಟು ಹಾಕು. ನಾನು ಒತ್ತಿ ಹೇಳ್ತೀನಿ, ನೀನು ಮುಳ್ಳು ನೋಡಿ ಹೇಳು. ಯಾರು ಗೆಲ್ತಾರೆ ನೋಡಣ.”

ಆದಿಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

ಮುಳ್ಳು ಐವತ್ತೈದಕ್ಕೆ ಬಂದಾಗ ಜ್ಯೋತಿಲಕ್ಷ್ಮಿ ನಿಲ್ಲಿಸಿದಳು. ಕೋನಪ್ಪ ಬಂದು ಒತ್ತಿದ. “ಗಾಳೀನೇ ಇಲ್ವಲ್ಲಮ್ಮ. ಬನ್ನಿನ ಥರ ಐತೆ.”

ಅವನು ಮತ್ತೆ ಆ ಕಡೆ ತಿರುಗಿದಾಗ ಅವಳು ಸದ್ದಾಗದಂತೆ ಮೆಲ್ಲಗೆ ಅರ್ಧದಷ್ಟು ಗಾಳಿ ಬಿಟ್ಟಳು. ಅವನು ಮತ್ತೆ ಒತ್ತಿದ. ಟೈರು ಅವನ ಹೆಬ್ಬೆಟ್ಟಿನ ಕೆಳಗೆ ಗುಳಿಬಿತ್ತು, ಉಗುರು ಬೆಳ್ಳಗಾಯಿತು. “ಹ್ಞಾ, ಹಿಂಗಿರ್ಬೇಕು. ಏನಂತೆ ನಿನ್ನ ಮುಳ್ಳು?”

ಜ್ಯೋತಿಲಕ್ಷ್ಮಿ ಮುಳ್ಳನ್ನು ನೋಡಲಿಲ್ಲ, ಆ ಬೆರಳನ್ನು ನೋಡಿದಳು. ಎಳೆಯ ವಯಸ್ಸಿನಿಂದ ಕುದಿನೀರಿನಲ್ಲಿ ಅದ್ದಿ ಅದ್ದಿ ತುದಿ ನುಣುಪಾಗಿ, ಬೆಳ್ಳಗೆ, ಮೇಣದಂತಾಗಿತ್ತು. ಸಾವಿರ ತೋಳು ಹಿಡಿದು ರಕ್ತನಾಳ ಹುಡುಕಿದವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಡೆದ ಟ್ಯೂಬುಗಳೂ ಹರಿಯುವ ಎಳೆಗಳೂ ಒಟ್ಟಿಗೇ ಅರ್ಥವಾದವು.

“ಸರಿಯಾಗಿದೆ ಮಾವ,” ಎಂದಳು. “ಮುಳ್ಳು ಹೊಸದು, ಇನ್ನೂ ಅಭ್ಯಾಸ ಆಗಿಲ್ಲ.”

ಕೋನಪ್ಪ ಅವಳ ಮುಖ ನೋಡಿದ. ಬಗ್ಗಿ, ಬೆರಳ ಗೆಣ್ಣಿನಿಂದ ಟೈರನ್ನು ತಟ್ಟಿದ. ಒದ್ದೆ ಗೋಣಿಚೀಲ ತಟ್ಟಿದ ಸದ್ದು ಬಂತು. ಹಿಂದಿನ ಚಕ್ರ ತಟ್ಟಿದ. ಅದು ತಮಟೆಯಂತೆ ಠಣ್ ಎಂದಿತು.

“ಸುಳ್ಳು ಹೇಳ್ಬ್ಯಾಡ ಕಣಮ್ಮ,” ಎಂದ. “ಕಿವಿ ಇನ್ನೂ ನಂದೇ.”

ಅವಳು ಅವನ ಕೈ ಹಿಡಿದು, ಲ್ಯಾಬಿಗೆ ಬಂದವರನ್ನು ಕೂರಿಸುವಂತೆ ಜಗಲಿಯ ಮೇಲೆ ಕೂರಿಸಿದಳು. “ಆ ಕಡೆ ನೋಡಿ ಮಾವ. ಮುಟ್ದಾಗ ಹೇಳಿ.” ಗಾಳಿಬಾಯಿಯ ಮುಚ್ಚಳದಿಂದ ಹೆಬ್ಬೆಟ್ಟಿನ ತುದಿಯನ್ನು ಮುಟ್ಟಿದಳು, ಮತ್ತೆ ಮುಟ್ಟಿದಳು. ಕೋನಪ್ಪ ಬೀದಿಯನ್ನೇ ನೋಡುತ್ತಿದ್ದ.

“ಶುರು ಮಾಡಮ್ಮ,” ಎಂದ.

ಅವಳು ಮುಚ್ಚಳವನ್ನು ಬೆರಳ ಮೇಲೆ ಹಾಗೆಯೇ ಒತ್ತಿ ಹಿಡಿದಿದ್ದಳು. ಅವನು ತಿರುಗಿ ಮುಚ್ಚಳವನ್ನೂ ಬೆರಳನ್ನೂ ನೋಡಿ ತಲೆ ತಗ್ಗಿಸಿದ.

“ಎಷ್ಟು ದಿನದಿಂದ ಮಾವ?”

“ಯಾರಿಗ್ಗೊತ್ತು. ಚಳೀಗೆ ಅನ್ಕೊಂಡೆ. ಮಾರ್ಕೆಟ್ಟಲ್ಲಿ ಹೆಂಗೋ ಒತ್ತಿದಂಗೆ ಮಾಡಿ ಬರ್ತಿದ್ದೆ. ನಾನು ಒತ್ತಲಿಲ್ಲ ಅಂದ್ರೆ ಅವ್ರೆಲ್ಲ ಕೇಳ್ತಾರಲ್ಲ.” ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿ, “ಹೊರಗೆ ಹೇಳ್ಬ್ಯಾಡ್ರಿ,” ಎಂದ.

ಬಾಗಿಲಲ್ಲಿ ನಿಂತಿದ್ದ ಆದಿಲಕ್ಷ್ಮಮ್ಮ ತನ್ನ ಹತ್ತೂ ಬೆರಳನ್ನು ಮುಂದೆ ಹಿಡಿದಳು. “ನಂದು ಹೋಗಿ ಎಷ್ಟೋ ವರ್ಷ ಆಯ್ತು. ಡಬ್ಬಕ್ಕೆ ಕೈ ಹಾಕಿದ್ರೆ ರವೆನೋ ಉಪ್ಪೋ ನಾಲಿಗೇಲಿ ನೋಡ್ಬೇಕು. ಯಾರಾದ್ರೂ ಕೇಳಿದ್ರಾ? ನಿನ್ನ ಹೆಬ್ಬೆಟ್ಟಿಗೆ ಮಾತ್ರ ಊರೆಲ್ಲ ದುಃಖ ಪಡ್ಬೇಕಾ?”

ಈ ಸಲ ಕೋನಪ್ಪ ಮೋಡವನ್ನು ದೂರದೆ ಜಗಲಿಯಿಂದ ಎದ್ದ. ಹೆಂಡತಿಯ ಕೈಯನ್ನು ಹಿಡಿದು, ತಿರುಗಿಸಿ ನೋಡಿದ. ಒತ್ತಿಯೂ ನೋಡಿದ. ಇಬ್ಬರಿಗೂ ಏನೂ ತಿಳಿಯಲಿಲ್ಲ. ಆದಿಲಕ್ಷ್ಮಮ್ಮನಿಗೆ ನಗು ಬಂತು.

ಮರುದಿನ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋದರು. ಸ್ವಲ್ಪ ಸಕ್ಕರೆ ಕಾಯಿಲೆ, ಮಿಕ್ಕಿದ್ದು ಬಿಸಿನೀರಿನ ಕೊಡುಗೆ ಎಂದರು ಡಾಕ್ಟರು. ಇಬ್ಬರಿಗೂ ಮಾತ್ರೆ ಬಂದವು. ಬೇಸಿನ್ನಿನ ಪಕ್ಕದಲ್ಲಿ ಎಳೆ ಹುಡುಕಲು ಉದ್ದ ಹಿಡಿಯ ಕುಂಚವೂ ಬಂತು. ಹೋದ ಸ್ಪರ್ಶ ಎಷ್ಟು ಹಿಂದಿರುಗುತ್ತದೆಂದು ಡಾಕ್ಟರು ಹೇಳಲಿಲ್ಲ.

ಆ ಸಂಜೆ ಕೋನಪ್ಪ ಸೊಸೆಯನ್ನು ಕೇಳಿದ, “ಅಮ್ಮಣ್ಣಿ, ಮುದುಕ್ರ ಕೈಯಲ್ಲಿ ನರ ಕಾಣಲ್ವಲ್ಲ, ಹೆಂಗ್ ಹುಡುಕ್ತೀಯ?”

“ಬೆರಳಲ್ಲಿ ಒತ್ತಿ ಮಾವ. ಒತ್ತಿ ಬಿಟ್ರೆ ಎದ್ದು ಬರುತ್ತೆ.”

“ಅಷ್ಟೇ ತಾನೆ,” ಎಂದು ಕೋನಪ್ಪ ಎದ್ದು, ಹಿಂದೊಮ್ಮೆ ತಂದ ಒಳ್ಳೆಯ ಲಾಟಿನಿಂದ ಒಣಗಿಸಿ ದೇವರ ಗೂಡಲ್ಲಿ ಎತ್ತಿಟ್ಟಿದ್ದ ನಾಲ್ಕಾರು ರೇಷ್ಮೆಗೂಡುಗಳನ್ನು ತಂದ. ಸೈಕಲ್ಲನ್ನೂ ಪಂಪನ್ನೂ ಅಂಗಳಕ್ಕೆ ಎಳೆದ. ಗಾಳಿಬಾಯಿ ಕೈಗೆ ಸಿಗುವಂತೆ ತಾನೇ ಚಕ್ರ ತಿರುಗಿಸಿದ. ಪಾದ ಎರಡೂ ಬುಡದ ಮೇಲೆ. ನೆಟ್ಟಗೆ ಮೇಲೆ, ನೆಟ್ಟಗೆ ಕೆಳಗೆ. “ಗೂಡು ಒತ್ತು. ಈಗ ಟೈರು ಒತ್ತು. ಸಾಲ್ದಾ? ಇನ್ನೊಂಚೂರು ಹಾಕ್ತೀನಿ. ಈಗ?” ಗೂಡೂ ಟೈರೂ ಒಂದೇ ಥರ ಎದ್ದು ಬಂದಾಗ ಮುಳ್ಳು ಐವತ್ತರ ಆಸುಪಾಸಿನಲ್ಲಿತ್ತು. ಶಾಸ್ತ್ರಕ್ಕೆ ಇದು ಒಪ್ಪುತ್ತದೋ ಇಲ್ಲವೋ, ಅವರಿಬ್ಬರಿಗೆ ಒಪ್ಪಿತು. ಅಲ್ಲಿಂದ ಮುಂದೆ ಪ್ರತಿ ಸಂಜೆ ಪಾಠ. ಸೈಕಲ್ಲಿಗೆ ಅಷ್ಟು ಆರೈಕೆ ಯಾವತ್ತೂ ಆಗಿರಲಿಲ್ಲ.

ಅವಳ ವಾರದ ರಜೆಯ ದಿನ ಇಬ್ಬರೂ ಮಾರುಕಟ್ಟೆಗೆ ಹೋದರು. ಕೋನಪ್ಪ ಜಾಲರಿಯ ತಳದಿಂದ ಗೂಡು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ. ಒಳಗಿನ ಹುಳ ಒಣಗಿದ ಹುಣಸೆಬೀಜದಂತೆ ಸದ್ದು ಮಾಡಿತು. ಗೂಡನ್ನು ಸೊಸೆಯ ಅಂಗೈಗೆ ಹಾಕಿದ. ಅವಳು ಒತ್ತಿ, “ಮೂವತ್ತೈದು, ಮೆತ್ತಗಿದೆ,” ಎಂದಳು. ಮುಂದಿನದಕ್ಕೆ ಹೋದರು.

ಹಳೆಯ ರೀಲರ್ ಮುನಿಗಂಗಪ್ಪ ಮೊಬೈಲು ಇಳಿಸಿ ನೋಡುತ್ತಿದ್ದ. “ಏನ್ ಕೋನಪ್ಪಣ್ಣ, ಸೊಸೇನ ಕರ್ಕೊಂಡ್ ಬಂದಿದ್ಯ? ನೀನ್ಯಾಕೆ ಒತ್ತಲ್ಲ?”

ಸುತ್ತಲಿನ ನಾಲ್ಕೈದು ತಲೆಗಳು ತಿರುಗಿದವು. ಕೋನಪ್ಪನ ಕೈ ಅಭ್ಯಾಸಬಲದಿಂದ ಜಾಲರಿಯೊಳಗೆ ಇಳಿಯಿತು. ಹೆಬ್ಬೆಟ್ಟು ಒಂದು ಗೂಡಿನ ಮೇಲೆ ಹೋಗಿ ಕೂತಿತು. ಒತ್ತಿ, ಗದ್ದ ಎತ್ತಿದ್ದರೆ ಎಲ್ಲ ಎಂದಿನಂತೆ ಮುಗಿಯುತ್ತಿತ್ತು.

ಕೋನಪ್ಪ ಕೈ ಹೊರಗೆ ತೆಗೆದ. “ನನ್ನ ಹೆಬ್ಬೆಟ್ಟು ರಿಟೈರ್ ಆಯ್ತು ಕಣಪ್ಪ. ಒತ್ತಿದ್ರೆ ಏನೂ ತಿಳಿಯಲ್ಲ. ಕಿವಿಗೆ ಇನ್ನೂ ಸರ್ವೀಸ್ ಐತೆ, ಮಿಕ್ಕಿದ್ದು ಇವಳ್ದು.”

ಯಾರಾದರೂ ನಗುತ್ತಾರೆಂದು ಅವನು ಕಾದ. ಯಾರೂ ನಗಲಿಲ್ಲ. ಮುನಿಗಂಗಪ್ಪ ಮೊಬೈಲು ಜೇಬಿಗೆ ಹಾಕಿ, ಬೇರೆ ಕಡೆ ನೋಡುತ್ತ, ತನ್ನ ಹೆಬ್ಬೆಟ್ಟನ್ನು ಜಾಲರಿಯ ಅಂಚಿಗೆ ಮೆಲ್ಲನೆ ಒತ್ತಿ ನೋಡಿಕೊಂಡ. ಅವನ ಪಕ್ಕದವನೂ ಒತ್ತಿಕೊಂಡ.

“ಐವತ್ತು, ಮಾವ,” ಎಂದಳು ಜ್ಯೋತಿಲಕ್ಷ್ಮಿ ಮುಂದಿನ ಜಾಲರಿಯಿಂದ.

ಮುನಿಗಂಗಪ್ಪ ಹತ್ತಿರ ಬಂದು ದನಿ ತಗ್ಗಿಸಿದ. “ಅಮ್ಮಣ್ಣಿ, ನಿಮ್ಮ ಲ್ಯಾಬು ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ?”